ಬೆಳೆದ ಹುಡುಗರನ್ನು ಚರ್ಚಿನಲ್ಲಿ ಉಳಿಸಿಕೊಂಡ ಶಿಕ್ಷಕ: ಸರ್ ವಿಲಿಯಂ ಅಲೆಕ್ಸಾಂಡರ್ ಸ್ಮಿತ್

ಹತ್ತು ವರ್ಷದ ಹುಡುಗ ಧರ್ಮೋಪದೇಶ ತರಗತಿಗೆ ಓಡಿ ಬಂದು ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾನೆ. ಅದೇ ಹುಡುಗ ಹದಿಮೂರು ದಾಟುತ್ತಲೇ ಹಿಂದಿನ ಬೆಂಚಿಗೆ ಸರಿಯುತ್ತಾನೆ. ಕೆಲವೇ ತಿಂಗಳುಗಳಲ್ಲಿ ಬರುವುದನ್ನೇ ನಿಲ್ಲಿಸುತ್ತಾನೆ. ಈ ಚಿಂತೆ ಇಂದಿನದಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಒಬ್ಬ ವ್ಯಾಪಾರಿ ಇದೇ ಚಿಂತೆಯಿಂದ ಆರಂಭಿಸಿದ ಕಾರ್ಯ ಮುಂದೆ ಸ್ಕೌಟ್ ಚಳವಳಿಗೂ ದಾರಿ ತೋರಿಸಿತು. ಅವರೇ ವಿಲಿಯಂ ಅಲೆಕ್ಸಾಂಡರ್ ಸ್ಮಿತ್.

ಸ್ಮಿತ್‌ರವರು 1854ರ ಅಕ್ಟೋಬರ್ 27ರಂದು ಸ್ಕಾಟ್ಲೆಂಡಿನ ಉತ್ತರ ತುದಿಯ ಥರ್ಸೋ ಪಟ್ಟಣದ ಬಳಿ ಜನಿಸಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು ಗ್ಲಾಸ್ಗೋದಲ್ಲಿದ್ದ ಮಾವನ ವ್ಯಾಪಾರದಲ್ಲಿ ಕೆಲಸಕ್ಕೆ ಸೇರಿದರು. ಶಾಲೆ ಬಿಟ್ಟು ದುಡಿಯಬೇಕಾದ ಹುಡುಗನ ಮನಸ್ಸು ಎಂಥದೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. 1874ರಲ್ಲಿ ಅವರು ಸ್ವಯಂಸೇವಕ ಸೈನಿಕ ದಳಕ್ಕೆ ಸೇರಿದರು. ಅದೇ ಸಮಯದಲ್ಲಿ ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟ್ ಸಭೆಯಾದ ಫ್ರೀ ಚರ್ಚಿನ ಸದಸ್ಯರೂ ಆದರು. ಮುಂದೆ ನಗರದ ನಾರ್ತ್ ವುಡ್‌ಸೈಡ್ ಎಂಬಲ್ಲಿ ಆ ಚರ್ಚು ನಡೆಸುತ್ತಿದ್ದ ಭಾನುವಾರದ ಶಾಲೆಯಲ್ಲಿ ಶಿಕ್ಷಕರಾದರು.

ಅಲ್ಲಿ ಅವರಿಗೆ ಎದುರಾದದ್ದು ಗದ್ದಲ. ದೊಡ್ಡ ಹುಡುಗರು ಪಾಠ ಕೇಳುತ್ತಿರಲಿಲ್ಲ, ಕುಳಿತಲ್ಲಿ ಕುಳಿತುಕೊಳ್ಳುತ್ತಿರಲಿಲ್ಲ. ಚಿಕ್ಕ ಮಕ್ಕಳ ಜೊತೆ ಕುಳ್ಳಿರಿಸಿದ್ದೇ ಅವರಿಗೆ ಅವಮಾನವೆನಿಸುತ್ತಿತ್ತು. ಆದರೆ ವಾರದ ದಿನಗಳಲ್ಲಿ ಕವಾಯತು ಮೈದಾನದಲ್ಲಿ ಯುವಕರು ಸ್ಮಿತ್‌ರ ಒಂದೇ ಮಾತಿಗೆ ಸಾಲಾಗಿ ನಿಲ್ಲುತ್ತಿದ್ದರು. ಈ ವ್ಯತ್ಯಾಸವೇ ಅವರನ್ನು ಯೋಚನೆಗೆ ಹಚ್ಚಿತು. ದೋಷ ಹುಡುಗರಲ್ಲಿಲ್ಲ, ನಾವು ಅವರಿಗೆ ಕೊಟ್ಟ ಸ್ಥಾನದಲ್ಲಿದೆ ಎಂಬುದನ್ನು ಅವರು ಕಂಡುಕೊಂಡರು.

1883ರ ಅಕ್ಟೋಬರ್ 4ರಂದು ಇಬ್ಬರು ಗೆಳೆಯರ ನೆರವಿನಿಂದ ಬಾಯ್ಸ್ ಬ್ರಿಗೇಡ್ ಆರಂಭವಾಯಿತು. ಹನ್ನೆರಡರಿಂದ ಹದಿನೇಳು ವರ್ಷದವರಿಗೆ ಮಾತ್ರ ಪ್ರವೇಶ. ಮೊದಲ ದಿನ 59 ಹುಡುಗರು ಬಂದರು. ಶಿಸ್ತು ಬಿಗಿಯಾದಾಗ ಸಂಖ್ಯೆ 35ಕ್ಕೆ ಇಳಿಯಿತು. ಸ್ಮಿತ್‌ರು ಎದೆಗುಂದಲಿಲ್ಲ, ಸಂಖ್ಯೆಗಾಗಿ ಶಿಸ್ತನ್ನು ಸಡಿಲಿಸಲೂ ಇಲ್ಲ. ಟೋಪಿ, ಬೆಲ್ಟು, ಹೆಗಲಚೀಲ ಇವಿಷ್ಟೇ ಸಮವಸ್ತ್ರ; ನಿತ್ಯದ ಬಟ್ಟೆಯ ಮೇಲೆ ಧರಿಸಬಹುದಾದ್ದರಿಂದ ಬಡ ಹುಡುಗನಿಗೂ ಹೊರೆಯಾಗಲಿಲ್ಲ. ಕವಾಯತಿನ ಜೊತೆಗೆ ವ್ಯಾಯಾಮ, ವಾದ್ಯವೃಂದ, ಬೈಬಲ್ ತರಗತಿ ಸೇರಿದವು. 1886ರಲ್ಲಿ ಹುಡುಗರು ಬೇಸಿಗೆ ಶಿಬಿರಕ್ಕೂ ಹೊರಟರು. ಹಿಬ್ರಿಯರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಬರುವ ಲಂಗರು ಅವರ ಲಾಂಛನವಾಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು, ದೊಡ್ಡ ಹುಡುಗರಿಗೆ ಸಿಕ್ಕ ಜವಾಬ್ದಾರಿ. ಅನುಭವ ಪಡೆದ ಹುಡುಗರಿಗೆ ದರ್ಜೆ ನೀಡಿ, ಕಿರಿಯರ ಸಣ್ಣ ತಂಡವನ್ನು ಅವರ ಕೈಗೆ ಒಪ್ಪಿಸಲಾಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಗಲಾಟೆ ಮಾಡುತ್ತಿದ್ದವನು ಈಗ ಇತರರು ಸಮಯಕ್ಕೆ ಬಂದರೋ ಎಂದು ನೋಡಬೇಕಿತ್ತು.

ಟೀಕೆಗಳೂ ಬಂದವು. ಕವಾಯತಿಗೆ ಗುಂಡು ಹಾರದ ಬಂದೂಕು ಬಳಸುವುದು ಕ್ರಿಸ್ತನ ಶಾಂತಿಗೆ ಒಪ್ಪುವಂಥದಲ್ಲವೆಂದು ಅನೇಕರು ಆಕ್ಷೇಪಿಸಿದರು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಅವರ ಮಾದರಿ ಇತರ ಸಭೆಗಳಿಗೂ ಹರಡಿತು. 1896ರಲ್ಲಿ ಲಂಡನ್ನಿನಲ್ಲಿ ಕಥೋಲಿಕ ಧರ್ಮಗುರುವೊಬ್ಬರು ಕಥೋಲಿಕ್ ಬಾಯ್ಸ್ ಬ್ರಿಗೇಡನ್ನು ಸ್ಥಾಪಿಸಿದರು.

1904ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಬ್ರಿಗೇಡಿನ ಪಥಸಂಚಲನವನ್ನು ವೀಕ್ಷಿಸಲು ಸೇನಾಧಿಕಾರಿ ಬೇಡನ್ ಪೊವೆಲ್ ಬಂದರು. ಸುಮಾರು 7,000 ಹುಡುಗರನ್ನು ಕಂಡು ಮೆಚ್ಚಿದ ಅವರು, ಚಟುವಟಿಕೆಗಳಲ್ಲಿ ಇನ್ನಷ್ಟು ವೈವಿಧ್ಯ ಬೇಕೆಂದರು. ಹಾಗಾದರೆ ಸೈನಿಕರಿಗಾಗಿ ಬರೆದ ಸ್ಕೌಟಿಂಗ್ ಪುಸ್ತಕವನ್ನು ಹುಡುಗರಿಗಾಗಿ ತಿದ್ದಿ ಬರೆಯಿರಿ ಎಂದು ಸ್ಮಿತ್‌ರು ಸಲಹೆಯಿತ್ತರು. 1907ರ ಬ್ರೌನ್‌ಸೀ ದ್ವೀಪದ ಪ್ರಾಯೋಗಿಕ ಶಿಬಿರದಲ್ಲಿ ಬ್ರಿಗೇಡಿನ ಹುಡುಗರೂ ಇದ್ದರು. ಮರುವರ್ಷ ಪುಸ್ತಕ ಹೊರಬಂದು ಸ್ಕೌಟ್ ಚಳವಳಿ ಬೆಳೆಯಿತು. ಆ ಚಳವಳಿಗೂ ದೊಡ್ಡ ಹುಡುಗರ ಸಮಸ್ಯೆ ತಪ್ಪಲಿಲ್ಲ. ಅವರಿಗಾಗಿಯೇ 1918ರಲ್ಲಿ ರೋವರ್ ವಿಭಾಗ ತೆರೆಯಬೇಕಾಯಿತು.

ಸ್ಮಿತ್‌ರು ತಮ್ಮ ವ್ಯಾಪಾರವನ್ನು ಬಿಟ್ಟು ಪೂರ್ಣಾವಧಿ ಈ ಸೇವೆಗೆ ಇಳಿದರು. 1909ರಲ್ಲಿ ಅವರಿಗೆ ಸರ್ ಪದವಿ ಲಭಿಸಿತು. ಬ್ರಿಗೇಡಿನ ಕೆಲಸಕ್ಕೆಂದು ಲಂಡನ್ನಿಗೆ ಹೋಗಿದ್ದಾಗಲೇ ಅಸ್ವಸ್ಥರಾಗಿ 1914ರ ಮೇ 10ರಂದು ನಿಧನರಾದರು.

ದೊಡ್ಡ ಹುಡುಗರು ಚರ್ಚಿನಿಂದ ದೂರವಾದರೆಂದು ನಾವು ದೂರುವುದುಂಟು. ಅವರ ಕೈಗೆ ಯಾವ ಕೆಲಸ ಕೊಟ್ಟಿದ್ದೇವೆ, ಅವರ ಜೊತೆ ವಾರದಲ್ಲಿ ಒಂದು ಸಂಜೆಯಾದರೂ ಕಳೆಯಲು ಯಾರು ಸಿದ್ಧರಿದ್ದೇವೆ ಎಂದು ಮೊದಲು ಕೇಳಿಕೊಳ್ಳೋಣ. ಸ್ಮಿತ್‌ರು ಆರಂಭಿಸಿದ್ದು ಅಲ್ಲಿಂದಲೇ.