ಉಸಿರಿನಿಂದ ಅನ್ವಯಕ್ಕೆ: ಲಿಂಡ್ಲಿ ಮರ್ರೆ ಮತ್ತು ಇಂಗ್ಲಿಷಿನ ಲೇಖನಚಿಹ್ನೆಗಳು

ಇಂಗ್ಲಿಷ್ ವಾಕ್ಯದ ಪದಪುಂಜ ಹಾಗೂ ಉಪವಾಕ್ಯಗಳ ನಡುವೆ ಯಾವ ಚಿಹ್ನೆ ಬರಬೇಕೆಂಬುದನ್ನು ಶಾಲಾಮಕ್ಕಳಿಗೂ ನಿಲುಕುವಂತೆ ನಿಯಮಬದ್ಧಗೊಳಿಸಿದವರಲ್ಲಿ ಲಿಂಡ್ಲಿ ಮರ್ರೆ (1745-1826) ಪ್ರಮುಖನು. ಅಮೆರಿಕದ ಪೆನ್ಸಿಲ್ವೇನಿಯಾದ ಕ್ವೇಕರ್ ಕುಟುಂಬದಲ್ಲಿ ಜನಿಸಿದ ಈತ ನ್ಯೂಯಾರ್ಕಿನಲ್ಲಿ ಮೊದಲು ವಕೀಲನಾಗಿ, ಅನಂತರ ವರ್ತಕನಾಗಿ ಸಾಕಷ್ಟು ಸಂಪತ್ತು ಗಳಿಸಿದನು. ಸ್ನಾಯುಗಳು ಶಕ್ತಿಗುಂದಿದ್ದರಿಂದ ಆರೋಗ್ಯವನ್ನರಸಿ 1784ರಲ್ಲಿ ಇಂಗ್ಲೆಂಡಿಗೆ ತೆರಳಿ, ಯಾರ್ಕ್ ನಗರದ ಬಳಿಯ ಹೋಲ್‌ಗೇಟ್‌ನಲ್ಲಿ ನೆಲೆಸಿದನು. ನಡೆಯುವ ಶಕ್ತಿ ಕ್ರಮೇಣ ಉಡುಗಿತು. ಓದು ಬರಹಗಳೇ ಆತನ ಬದುಕಾದವು.

ಯಾರ್ಕಿನ ಕ್ವೇಕರ್ ಬಾಲಿಕೆಯರ ಶಾಲೆಯ ಶಿಕ್ಷಕಿಯರ ಕೋರಿಕೆಯಂತೆ ಮರ್ರೆ ರಚಿಸಿದ ಇಂಗ್ಲಿಷ್ ವ್ಯಾಕರಣವು 1795ರಲ್ಲಿ ಪ್ರಕಟವಾಯಿತು. ಅದು ಸಂಪೂರ್ಣ ಸ್ವತಂತ್ರ ಕೃತಿಯಲ್ಲ. ರಾಬರ್ಟ್ ಲೌತ್‌ನ 1762ರ ವ್ಯಾಕರಣವೇ ಮೊದಲಾದ ಪೂರ್ವಕೃತಿಗಳಿಗೆ ಅದು ಬಹಳ ಋಣಿಯಾಗಿದೆ. ಲೌತ್‌ನಂತೆಯೇ ಮರ್ರೆಯೂ ಚಿಹ್ನೆಗಳನ್ನು ಕಾಲಮಾನದಿಂದ ಅಳೆದನು. ಅಲ್ಪವಿರಾಮದ ಇಮ್ಮಡಿ ಅರ್ಧವಿರಾಮ, ಅದರ ಇಮ್ಮಡಿ ಕೋಲನ್, ಅದರ ಇಮ್ಮಡಿ ಪೂರ್ಣವಿರಾಮ. ಇದು ಗಟ್ಟಿಯಾಗಿ ಓದುವವರ ಉಸಿರಿನ ಲೆಕ್ಕ.

ಆದರೆ ನಿಯಮಗಳ ವಿವರಕ್ಕಿಳಿದಾಗ ಮರ್ರೆ ಉಸಿರಿಗಿಂತ ಅನ್ವಯವನ್ನೇ ಹೆಚ್ಚಾಗಿ ಅವಲಂಬಿಸುತ್ತಾನೆ ಎಂಬುದು ಗಮನಾರ್ಹ. ಸಂಬಂಧಸೂಚಕ ಸರ್ವನಾಮದ ಹಿಂದೆ ಸಾಮಾನ್ಯವಾಗಿ ಅಲ್ಪವಿರಾಮ ಬರುತ್ತದೆ. ಉಪವಾಕ್ಯವು ನಾಮಪದದ ಅರ್ಥವನ್ನು ಸೀಮಿತಗೊಳಿಸುವಲ್ಲಿ ಬಾರದು ಎಂಬುದು ಆತನ ನಿಯಮ. ಶ್ರಮಪಟ್ಟು ಓದಿದ ವಿದ್ಯಾರ್ಥಿಗಳು ತೇರ್ಗಡೆಯಾದರೆಂಬ ಅರ್ಥದ ಇಂಗ್ಲಿಷ್ ವಾಕ್ಯದಲ್ಲಿ ಉಪವಾಕ್ಯದ ಎರಡೂ ಬದಿಗೆ ಅಲ್ಪವಿರಾಮವಿದ್ದರೆ ಎಲ್ಲರೂ ಓದಿದರು, ಎಲ್ಲರೂ ತೇರ್ಗಡೆಯಾದರು ಎಂದಾಗುತ್ತದೆ. ಇಲ್ಲದಿದ್ದರೆ ಓದಿದವರಷ್ಟೇ ತೇರ್ಗಡೆಯಾದರು ಎಂದಾಗುತ್ತದೆ. ಇಲ್ಲಿ ಚಿಹ್ನೆಯು ಅರ್ಥವನ್ನೇ ನಿರ್ಧರಿಸುತ್ತದೆ. ಈ ನಿಯಮ ಇಂದಿಗೂ ಉಳಿದಿದೆ. ಕರ್ತೃಭಾಗ ದೀರ್ಘವಾಗಿದ್ದರೆ ಕ್ರಿಯಾಪದಕ್ಕೆ ಮುನ್ನ ಅಲ್ಪವಿರಾಮ ಹಾಕಬಹುದೆಂಬ ಆತನ ಮಾತಾದರೋ ಇಂದು ತಪ್ಪೆನಿಸಿದೆ. ಅನ್ವಯವನ್ನು ಆಧರಿಸಿದ ನಿಯಮ ಬಾಳಿತು. ಉಸಿರನ್ನು ಆಧರಿಸಿದ್ದು ಅಳಿಯಿತು.

1797ರಲ್ಲಿ ಅಭ್ಯಾಸಗಳ ಪುಸ್ತಕವೂ 1799ರಲ್ಲಿ ವಾಚನ ಪುಸ್ತಕವೂ ಹೊರಬಂದವು. ಅಟ್ಲಾಂಟಿಕ್ ಸಾಗರದ ಎರಡೂ ದಡಗಳ ಶಾಲೆಗಳಲ್ಲಿ ಮರ್ರೆಯ ಹೆಸರು ವ್ಯಾಕರಣಕ್ಕೆ ಪರ್ಯಾಯವಾಯಿತು. ಪುಸ್ತಕಗಳ ಆದಾಯವನ್ನು ಆತ ಧರ್ಮಕಾರ್ಯಗಳಿಗೆ ವಿನಿಯೋಗಿಸಿದನು. ಕೊನೆಯ ಹದಿನಾರು ವರ್ಷಗಳನ್ನು ಮನೆಯೊಳಗೇ ಕಳೆದು 1826ರಲ್ಲಿ ನಿಧನನಾದನು.

ಕನ್ನಡದಲ್ಲಿ ಈ ಚಿಹ್ನೆಗಳನ್ನು ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ ಎಂದು ಕರೆಯುವಾಗ ನಾವೂ ಅವುಗಳನ್ನು ಕಾಲಮಾನದಿಂದಲೇ ಹೆಸರಿಸುತ್ತಿದ್ದೇವೆ. ಇಂಗ್ಲಿಷ್ ಕಲಿಯುವ ಕನ್ನಡ ವಿದ್ಯಾರ್ಥಿಯು ಈ ಹೆಸರುಗಳನ್ನೇ ನಂಬಿ, ಉಸಿರು ನಿಂತಲ್ಲೆಲ್ಲ ಚಿಹ್ನೆ ಹಾಕಿದರೆ ಅರ್ಥ ಕೆಡುವುದುಂಟು. ಆದ್ದರಿಂದ ಮರ್ರೆಯ ಕಾಲಮಾನದ ಲೆಕ್ಕಕ್ಕಿಂತ ಆತನ ಅನ್ವಯವಿವೇಕವೇ ಇಂದು ನಮಗೆ ಗ್ರಾಹ್ಯವಾಗಿದೆ.