ಡಾ. ಲೆಸ್ಲಿ ಸಿ. ಕೋಲ್ಮನ್ (1878–1954): ಜೋಳದ ಮಿಡತೆಯನ್ನು ಅರಿತ ಕೃಷಿ ವಿಜ್ಞಾನಿ

ಕೆನಡಾ ದೇಶದಲ್ಲಿ ಜನಿಸಿದ ಡಾ. ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಮುಂದೆ ಕೃಷಿ ನಿರ್ದೇಶಕರಾದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪರಣೆಯನ್ನು ರೂಢಿಗೆ ತಂದವರೆಂದು ಅವರು ಪ್ರಸಿದ್ಧರು. ಯಡ್ರಾಮಿ, ಜೇವರ್ಗಿ ಭಾಗದ ಜೋಳ ಬೆಳೆಗಾರರಿಗೆ ಮಾತ್ರ ಅವರ ಇನ್ನೊಂದು ಕಾರ್ಯವೇ ಹೆಚ್ಚು ಹತ್ತಿರವಾದುದು.

ಹಾರಲಾರದ ದಖ್ಖನ್ ಮಿಡತೆಯು ಜೋಳದ ಬೆಳೆಯನ್ನು ತಿಂದು ರೈತನ ವರ್ಷದ ರೊಟ್ಟಿಯನ್ನೇ ಕಸಿಯುತ್ತಿತ್ತು. ಕೋಲ್ಮನ್ ಅವರು ಮೊದಲು ಅದರ ಜೀವನಚಕ್ರವನ್ನು ಅಧ್ಯಯನ ಮಾಡಿ, 1911ರಲ್ಲಿ ಇಲಾಖಾ ಪ್ರಕಟಣೆಯನ್ನು ಹೊರತಂದರು. ಈ ಕೀಟಕ್ಕೆ ವರ್ಷಕ್ಕೆ ಒಂದೇ ಪೀಳಿಗೆ. ಮಳೆಗಾಲದ ಕೊನೆಗೆ ಮಣ್ಣಿನಲ್ಲಿಟ್ಟ ಮೊಟ್ಟೆಗಳು ಮುಂದಿನ ಮುಂಗಾರಿನವರೆಗೂ ಅಲ್ಲಿಯೇ ಇರುತ್ತವೆ. ಆದುದರಿಂದ ಮಾಗಿ ಉಳುಮೆ ಮಾಡಿದಲ್ಲಿ ಮೊಟ್ಟೆಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ, ಹಕ್ಕಿಗಳಿಗೆ ಆಹಾರವಾಗುತ್ತವೆ. ಎತ್ತು, ನೇಗಿಲು ಇದ್ದವರಿಗೆ ಇದರಲ್ಲಿ ಔಷಧಿಯ ವೆಚ್ಚವಿಲ್ಲ. ಆದರೆ ಪಕ್ಕದ ಹೊಲದವರೂ ಉಳುಮೆ ಮಾಡುವುದು ಅವಶ್ಯಕ.

ಗೊಣ್ಣೆಹುಳುವಿನ ಹತೋಟಿಗೆ ಇಂದು ಬಳಸುವ ಕೀಟನಾಶಕ ದುಂಡುಹುಳುಗಳು ಸಹ ಮಣ್ಣಿನೊಳಗಿನ ಹಂತದಲ್ಲಿಯೇ ಕೀಟವನ್ನು ಕೊಲ್ಲುತ್ತವೆ. ಈ ಮಿಡತೆಯ ಕುಲಕ್ಕೆ ಕೋಲ್ಮೇನಿಯಾ ಎಂಬ ಹೆಸರು ಬಂದಿರುವುದು ಇವರಿಂದಲೇ.

ಹೆಬ್ಬಾಳದಲ್ಲಿ ಕೃಷಿ ಶಿಕ್ಷಣಕ್ಕೆ ಬುನಾದಿ ಹಾಕಿದ ಅವರು 1934ರಲ್ಲಿ ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು.