ಕೊನೆಯ ಸಾಲಿಗೂ ಕೇಳಲಿ ಎಂದು ಏಳು ತಂತಿ

ಮೈಕ್, ಸ್ಪೀಕರ್ ಯಾವುದೂ ಇಲ್ಲದ ಕಾಲ. ಚಪ್ಪರದ ಕೆಳಗೆ ನೂರಾರು ಜನ. ವೇದಿಕೆಯಲ್ಲಿ ಹಾಡುವವರ ಕಂಠ ಗಟ್ಟಿ, ಮೃದಂಗದ ನಾದ ಅದಕ್ಕಿಂತ ಗಟ್ಟಿ. ಇವೆರಡರ ನಡುವೆ ನಾಲ್ಕು ತಂತಿಯ ಪಿಟೀಲು. ಮುಂದೆ ಕೂತವರು ತಲೆದೂಗುತ್ತಾರೆ. ಹಿಂದೆ ಕೂತವರಿಗೆ ಕಮಾನು ಆಡುವುದು ಕಾಣುತ್ತದೆ, ನಾದ ಸರಿಯಾಗಿ ಕೇಳುವುದಿಲ್ಲ. ಈ ವಾದ್ಯದ ಶಕ್ತಿಯೇ ಇಷ್ಟು ಎಂದು ಬಿಟ್ಟುಬಿಡಬಹುದಿತ್ತು. ಹಾಗೆ ಬಿಡದ ಒಬ್ಬ ಕಲಾವಿದ ಮೈಸೂರಿನಲ್ಲಿದ್ದರು. ಅವರೇ ಪಿಟೀಲು ಚೌಡಯ್ಯ.

ಅವರ ಕಥೆ ಇಂದು ನಮಗೇಕೆ? ನಮ್ಮ ವಯಸ್ಸಿನವರ ಮಾತು ಕೇಳಿ ನೋಡಿ. ಯಾವ ಇಯರ್‌ಫೋನಿನಲ್ಲಿ ಬಾಸ್ ಚೆನ್ನಾಗಿದೆ, ಯಾವ ಆ್ಯಪ್‌ನಲ್ಲಿ ಲಾಸ್‌ಲೆಸ್ ಸಿಗುತ್ತದೆ, ಯಾವ ಹೆಡ್‌ಫೋನಿಗೆ ಎಷ್ಟು ಕಂತು ಎಂಬ ಚರ್ಚೆ ಪೀಜಿ, ಹಾಸ್ಟೆಲುಗಳಲ್ಲಿ ಮುಗಿಯುವುದೇ ಇಲ್ಲ. ಕೆಲಸ ಇನ್ನೂ ಸಿಕ್ಕಿರುವುದಿಲ್ಲ, ಕಂತು ಮಾತ್ರ ಆಗಲೇ ಶುರುವಾಗಿರುತ್ತದೆ! ಒಳ್ಳೆಯ ಸದ್ದು ಸಿಕ್ಕಿದರೆ ಸಂಗೀತದ ಸುಖವೂ ಹೆಚ್ಚುತ್ತದೆಯೇ? ಒಳ್ಳೆಯ ಸದ್ದಿನ ಬೆನ್ನು ಹತ್ತಿದ ಚೌಡಯ್ಯನವರ ಬದುಕಿನಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ.

ಚೌಡಯ್ಯ ಹುಟ್ಟಿದ್ದು 1895ರಲ್ಲಿ, ತಿ. ನರಸೀಪುರದ ಪಕ್ಕದ ತಿರುಮಕೂಡಲಿನಲ್ಲಿ. ಕಾವೇರಿಯೂ ಕಪಿಲೆಯೂ ಸೇರುವ ಊರು ಅದು. ಮುಂದೆ ಅವರು ಕೃತಿಗಳನ್ನು ರಚಿಸಿದಾಗ ಇಟ್ಟುಕೊಂಡ ಅಂಕಿತ ತ್ರಿಮಕುಟ. ಹೆಸರಾದ ಮೇಲೂ ಊರನ್ನು ಮರೆಯಲಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

1910ರಲ್ಲಿ ಈ ಹಳ್ಳಿಯ ಹುಡುಗ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ಶಿಷ್ಯನಾಗಿ ಸೇರಿದ. ಕೃಷ್ಣಪ್ಪನವರು ಮೂಲದಲ್ಲಿ ನಮ್ಮ ಕರಾವಳಿಯವರು, ನಂದಳಿಕೆಯವರು. ಕವಿ ಮುದ್ದಣನ ಊರೆಂದರೆ ನಮಗೆಲ್ಲ ಬೇಗ ಗೊತ್ತಾಗುತ್ತದೆ. ಅಲ್ಲಿಂದ ಮೈಸೂರಿಗೆ ಹೋಗಿ ಆಸ್ಥಾನ ವಿದ್ವಾಂಸರಾದ ಅವರು ಕಚೇರಿಗಳಲ್ಲಿ ಕನ್ನಡದ ದೇವರನಾಮಗಳಿಗೆ ಗೌರವದ ಸ್ಥಾನ ಕೊಟ್ಟವರು. ಇವರ ಬಳಿ ಹುಡುಗನ ಪಾಠ 1918ರವರೆಗೆ ನಡೆಯಿತು. ಎಂಟು ವರ್ಷ! ನಮ್ಮ ಬಿಇ ಎರಡು ಬಾರಿ ಮುಗಿಯುವಷ್ಟು ಕಾಲ. ಗುರುಗಳು ಹಾಡುಗಾರರಾದ್ದರಿಂದ ಶಿಷ್ಯ ಕಲಿತದ್ದು ಬರೀ ಬೆರಳಿನ ಕಸರತ್ತನ್ನಲ್ಲ. ಹಾಡು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಸಾಹಿತ್ಯ ಎಲ್ಲಿ ಒತ್ತು ಬೇಡುತ್ತದೆ ಎನ್ನುವುದೆಲ್ಲ ಆ ಕಲಿಕೆಯೊಳಗೆ ಬಂತು.

ಆಮೇಲೆ ಪಕ್ಕವಾದ್ಯದ ಬದುಕು ಆರಂಭವಾಯಿತು. ಪಕ್ಕವಾದ್ಯವೆಂದರೆ ಸುಲಭದ ಕೆಲಸವಲ್ಲ. ಹಾಡುವವರು ಮುಂದೇನು ಹಾಡುತ್ತಾರೆ ಎಂಬ ಚೀಟಿ ಕೈಯಲ್ಲಿರುವುದಿಲ್ಲ. ಅವರ ಸಂಗತಿಯನ್ನು ಕೇಳಿದ ಕ್ಷಣವೇ ಹಿಡಿದು ತಂತಿಯ ಮೇಲೆ ತರಬೇಕು. ಚೌಡಯ್ಯನವರು ಇದರಲ್ಲಿ ಪಳಗಿದರು. ಆದರೆ ಕಚೇರಿಯಿಂದ ಕಚೇರಿಗೆ ಹೋದಂತೆ ಒಂದು ಕೊರಗು ಬೆಳೆಯುತ್ತಾ ಬಂತು. ತಾವು ನುಡಿಸಿದ್ದು ಹಿಂದಿನ ಸಾಲುಗಳಿಗೆ ಮುಟ್ಟುತ್ತಿಲ್ಲ. ಅಷ್ಟು ದೂರದಿಂದ ನಡೆದು ಬಂದು ಹಿಂದೆ ಕೂತವನೂ ಕೇಳುಗನೇ ಅಲ್ಲವೇ?

1927ರ ಹೊತ್ತಿಗೆ ಅವರು ಉತ್ತರ ಕಂಡುಕೊಂಡಿದ್ದರು. ಪಿಟೀಲಿನ ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರು ತಂತಿ. ಕಮಾನಿನ ಒಂದೇ ಎಳೆತಕ್ಕೆ ಜೋಡಿ ತಂತಿಗಳು ಒಟ್ಟಿಗೆ ನುಡಿಯಬೇಕು, ನಾದ ತುಂಬಿಕೊಳ್ಳಬೇಕು. ಯುರೋಪಿನಿಂದ ಬಂದು ನಮ್ಮ ಸಂಗೀತಕ್ಕೆ ಒಗ್ಗಿಹೋಗಿದ್ದ ವಾದ್ಯದ ಮೈಯನ್ನೇ ಮೈಸೂರಿನ ಒಬ್ಬ ಕಲಾವಿದ ಬದಲಿಸಿದ್ದರು. ಆಗಿನ್ನೂ ಅವರ ವಯಸ್ಸು ಮೂವತ್ತರ ಆಚೀಚೆ.

ಎಂಜಿನಿಯರಿಂಗ್ ಓದುವವನಾಗಿ ನನಗೆ ಇಲ್ಲಿ ಲೆಕ್ಕ ಹಾಕದೆ ಇರಲು ಆಗುವುದಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದಿನ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಸುಮಾರು 6 ಡೆಸಿಬೆಲ್ ಕಡಿಮೆ. 5 ಮೀಟರ್ ದೂರದಲ್ಲಿ ಕೂತವನಿಗೂ 20 ಮೀಟರ್ ದೂರದಲ್ಲಿ ಕೂತವನಿಗೂ 12 ಡೆಸಿಬೆಲ್ ವ್ಯತ್ಯಾಸ. ಒಂದು ತಂತಿಯ ಬದಲು ಎರಡು ತಂತಿ ಒಟ್ಟಿಗೆ ನುಡಿದರೆ ಸ್ಥೂಲವಾಗಿ ಸಿಗುವ ಲಾಭ 3 ಡೆಸಿಬೆಲ್. ಸದ್ದು ಎರಡು ಪಟ್ಟಾಯಿತು ಎಂದು ನಮ್ಮ ಕಿವಿಗೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು. ಅಂದರೆ ಮೊದಲು 20 ಮೀಟರ್‌ಗೆ ಕೇಳುತ್ತಿದ್ದದ್ದು 28 ಮೀಟರ್‌ಗೆ ಕೇಳಬಹುದು. ಕೆಲವು ಸಾಲು ಹೆಚ್ಚು, ಅಷ್ಟೇ.

ಈ ಕೆಲವು ಸಾಲುಗಳಿಗಾಗಿ ಅವರು ತೆತ್ತ ಬೆಲೆ ನೋಡಿ. ತಂತಿ ಹೆಚ್ಚಾದಷ್ಟೂ ವಾದ್ಯದ ಮೇಲೆ ಎಳೆತ ಹೆಚ್ಚು, ಶ್ರುತಿ ಕೂಡಿಸುವ ಕೆಲಸ ಹೆಚ್ಚು. ಒಂದೇ ಸ್ವರಕ್ಕೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದು 440 ಹರ್ಟ್ಸ್‌ನಲ್ಲಿ, ಇನ್ನೊಂದು 442ರಲ್ಲಿ ನುಡಿದರೆ ಸೆಕೆಂಡಿಗೆ ಎರಡು ಬಾರಿ ನಾದ ಅಲೆಯಂತೆ ಏರಿಳಿಯುತ್ತದೆ. ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಕರ್ನಾಟಕ ಸಂಗೀತದಲ್ಲಿ ಸ್ವರ ಒಂದೆಡೆ ನಿಲ್ಲುವುದೂ ಇಲ್ಲ, ಗಮಕದಲ್ಲಿ ಬೆರಳು ಜಾರುತ್ತಲೇ ಇರುತ್ತದೆ. ಒಂದೇ ಬೆರಳು ಎರಡೂ ತಂತಿಗಳನ್ನು ಒತ್ತಿ ಹಿಡಿದು ಜಾರಬೇಕು, ಒಂದು ಕೂದಲೆಳೆಯಷ್ಟೂ ತಪ್ಪಬಾರದು. ಕಮಾನು ಎರಡಕ್ಕೂ ಸಮನಾದ ಒತ್ತಡ ಕೊಡಬೇಕು. ಕೈ ಪಳಗದವನಿಗೆ ಏಳು ತಂತಿ ಕೊಟ್ಟರೆ ಹೆಚ್ಚುವುದು ಅಪಸ್ವರ!

ಚೌಡಯ್ಯನವರ ಪಿಟೀಲು ತುಂಬುನಾದಕ್ಕೆ ಹೆಸರಾಯಿತು. ನನ್ನ ಲೆಕ್ಕದ 3 ಡೆಸಿಬೆಲ್‌ನಿಂದ ಇಷ್ಟೆಲ್ಲ ಆಗಿರಲಾರದು. ಉಳಿದದ್ದನ್ನು ಎಂಟು ವರ್ಷದ ಗುರುಕುಲ ಮತ್ತು ಅವರ ಬಲಗೈ ಕೊಟ್ಟಿರಬೇಕು ಎಂದೇ ನನಗನಿಸುತ್ತದೆ. ಚೆಂಬೈ ವೈದ್ಯನಾಥ ಭಾಗವತರು, ಅರಿಯಾಕುಡಿ ರಾಮಾನುಜ ಅಯ್ಯಂಗಾರರು, ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಜಿ.ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ದಿಗ್ಗಜರ ಪಕ್ಕದಲ್ಲಿ ಆ ಪಿಟೀಲು ನುಡಿಯಿತು. ಮೈಸೂರು ಚೌಡಯ್ಯ ಎಂಬ ಹೆಸರು ಮದ್ರಾಸಿನ ಸಭೆಗಳಲ್ಲಿ ಮನೆಮಾತಾಯಿತು.

ಅಷ್ಟರಲ್ಲಿ ಕಾಲ ಬದಲಾಯಿತು. 1930ರ ದಶಕದಲ್ಲಿ ಕಚೇರಿಗಳಿಗೆ ಮೈಕ್ ಕಾಲಿಟ್ಟಿತು. ಯಾವ ಸಮಸ್ಯೆಗಾಗಿ ಚೌಡಯ್ಯನವರು ವಾದ್ಯವನ್ನೇ ಬದಲಿಸಿದ್ದರೋ ಆ ಸಮಸ್ಯೆಯನ್ನು ಒಂದು ಪೆಟ್ಟಿಗೆ ಮತ್ತು ನಾಲ್ಕು ವೈರು ಬಗೆಹರಿಸಿದವು. ಎಂಜಿನಿಯರ್ ಆಗಹೊರಟವರಿಗೆ ಇದು ಎದೆ ಝಲ್ಲೆನಿಸುವ ಸಂಗತಿ. ರಾತ್ರಿ ಹಗಲು ಕೂತು ಕಂಡುಹಿಡಿದದ್ದು ಹತ್ತು ವರ್ಷದಲ್ಲಿ ಬೇಡವಾಗಬಹುದು. ಇಂದು ಕಚೇರಿಗಳಲ್ಲಿ ಏಳು ತಂತಿಯ ಪಿಟೀಲು ಕಾಣಸಿಗುವುದು ಅಪರೂಪ. ನಾಲ್ಕು ತಂತಿಯೇ ಉಳಿದುಕೊಂಡಿದೆ.

ಹಾಗಾದರೆ ಚೌಡಯ್ಯ ಸೋತರೇ? ಅವರ ಕಾಲದವರೇ ಆದ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರನ್ನು ನೋಡಿ. ನಾಲ್ಕೇ ತಂತಿ, ಮೃದುವಾದ ನಾದ. ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೆಯವರದು ಇನ್ನೊಂದು ಬಗೆ. ಆ ಕಾಲದ ಪಿಟೀಲಿನ ತ್ರಿಮೂರ್ತಿಗಳೆಂದು ರಸಿಕರು ಈ ಮೂವರನ್ನೂ ಒಟ್ಟಿಗೆ ಹೆಸರಿಸುತ್ತಾರೆ. ತಂತಿಯ ಸಂಖ್ಯೆಯಿಂದಲೇ ಸಂಗೀತದ ಸುಖ ಹೆಚ್ಚುವುದಾಗಿದ್ದರೆ ನಾಲ್ಕು ತಂತಿಯವರು ಏಳು ತಂತಿಯವರ ಸಮಕ್ಕೆ ನಿಲ್ಲುತ್ತಿರಲಿಲ್ಲ. ಏಳು ತಂತಿಯಲ್ಲೇ ಚೌಡಯ್ಯನವರ ದೊಡ್ಡತನ ಇದ್ದಿದ್ದರೆ ಮೈಕ್ ಬಂದ ದಿನ ಅದು ಮುಗಿದುಹೋಗಬೇಕಿತ್ತು. ಆದರೆ ಮೈಕ್ ಬಂದು ಎಷ್ಟೋ ವರ್ಷಗಳ ಮೇಲೆ, 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಗೌರವ ನೀಡಿತು.

ಆ ಹೊತ್ತಿಗೆ ಅವರು ಇನ್ನೂ ಹಲವು ಕೆಲಸ ಮಾಡಿದ್ದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಕಟ್ಟಿ ಶಿಷ್ಯರನ್ನು ಬೆಳೆಸಿದರು. 1943ರಲ್ಲಿ ವಾಣಿ ಎಂಬ ಕನ್ನಡ ಚಿತ್ರ ಮಾಡಿದರು, ನಿರ್ದೇಶನ ಕೆ. ಹಿರಣ್ಣಯ್ಯನವರದು. ಕಚೇರಿಗೆ ಬರಲಾಗದವರಿಗೂ ಸಂಗೀತ ತಲುಪಲಿ ಎಂಬ ಅದೇ ಹಂಬಲ ಇದರಲ್ಲೂ ಕಾಣುತ್ತದೆ. ಪಿಟೀಲಿಗೆ ತಂತಿ ಸೇರಿಸಿದಾಗಲೂ ಅವರ ಕಣ್ಣು ಇದ್ದದ್ದು ದೂರ ಕೂತವನ ಮೇಲೆ.

1967ರ ಜನವರಿ 19ರಂದು ಅವರು ತೀರಿಕೊಂಡರು. 1980ರಲ್ಲಿ ಬೆಂಗಳೂರಿನ ಮಲ್ಲೇಶ್ವರದ ಬಳಿ ಕೆ.ಕೆ. ಮೂರ್ತಿಯವರ ಶ್ರಮದಿಂದ ಚೌಡಯ್ಯ ಸ್ಮಾರಕ ಭವನ ಎದ್ದಿತು. ಕಟ್ಟಡವೇ ಒಂದು ದೊಡ್ಡ ಪಿಟೀಲಿನ ಆಕಾರದಲ್ಲಿದೆ. ಒಳಗೆ ಮೈಕೂ ಇದೆ, ಸ್ಪೀಕರೂ ಇದೆ!

ಅವರು ನುಡಿಸಿದ್ದನ್ನು ಇಂದು ಕೇಳಬೇಕೆಂದರೆ ಹಳೆಯ ಧ್ವನಿಮುದ್ರಣಗಳೇ ಗತಿ. ಆ ಕಾಲದ 78 ತಿರುಗಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಮೇಲೆ ಸ್ವಲ್ಪ ಮಾತ್ರ ಹಿಡಿಸುತ್ತಿತ್ತು. ನಮ್ಮ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು, ಆ ತಟ್ಟೆಗಳು ಹಿಡಿದದ್ದು ಅದರಲ್ಲಿ ಒಂದು ಸಣ್ಣ ಪಾಲು. ಜೊತೆಗೆ ಸರಸರ ಸದ್ದು. ಈಗಿನ ಯಾವ ಹೆಡ್‌ಫೋನೂ ಅದರಲ್ಲಿ ಇಲ್ಲದ ನಾದವನ್ನು ಹುಟ್ಟಿಸಲಾರದು. ಆದರೂ ಎರಡು ನಿಮಿಷ ಕೇಳಿದರೆ ಸರಸರ ಮರೆತುಹೋಗುತ್ತದೆ, ರಾಗ ಮಾತ್ರ ಉಳಿಯುತ್ತದೆ.

ಹಾಗೆಂದು ಸದ್ದಿಗೆ ಬೆಲೆಯೇ ಇಲ್ಲವೆಂದು ಹೇಳಿದರೆ ಚೌಡಯ್ಯನವರ ಕೊರಗಿಗೆ ಅವಮಾನ ಮಾಡಿದಂತೆ. ಕೇಳದೇ ಇರುವ ಸಂಗೀತದಲ್ಲಿ ಸುಖವೆಲ್ಲಿಂದ ಬರಬೇಕು? ನಾನಿರುವ ಕೊಟ್ಟಾರದಲ್ಲಿ ಹೆದ್ದಾರಿಯ ಲಾರಿಗಳ ಸದ್ದಿಗೆ ಆಲಾಪನೆಯ ಮೆಲುದನಿಯ ಜಾಗಗಳೆಲ್ಲ ಮುಳುಗಿಹೋಗುತ್ತವೆ. ಕಿಟಕಿ ಮುಚ್ಚಿ, ಫ್ಯಾನಿನ ವೇಗ ತಗ್ಗಿಸಿದರೆ ಅವು ಮರಳಿ ಬರುತ್ತವೆ. ಒಂದು ಕಿವಿಯಲ್ಲಿ ಮಾತ್ರ ಕೇಳುವ ಇಯರ್‌ಫೋನ್ ಬದಲಿಸಿದರೂ ಸುಖ ಖಂಡಿತ ಹೆಚ್ಚುತ್ತದೆ. ಇವೆಲ್ಲ ಕೊನೆಯ ಸಾಲಿನಿಂದ ಎದ್ದು ನಾಲ್ಕು ಸಾಲು ಮುಂದೆ ಬಂದು ಕೂತ ಹಾಗೆ.

ಅಲ್ಲಿಗೆ ಬಂದ ಮೇಲೆ ಇನ್ನೂ ಎಷ್ಟು ಮುಂದೆ ಹೋಗಬೇಕು ಎಂಬುದೇ ಪ್ರಶ್ನೆ. ಒಂದು ಪರೀಕ್ಷೆ ಮಾಡಿ ನೋಡಿ. ಒಂದೇ ಹಾಡನ್ನು 320 ಕೆಬಿಪಿಎಸ್‌ನಲ್ಲೂ ಲಾಸ್‌ಲೆಸ್‌ನಲ್ಲೂ, ಯಾವುದು ಯಾವುದೆಂದು ಹೇಳದೆ, ಒಂದೇ ವಾಲ್ಯೂಮ್‌ನಲ್ಲಿ ಹತ್ತು ಬಾರಿ ಹಾಕಲು ಗೆಳೆಯನಿಗೆ ಹೇಳಿ. ಎಷ್ಟು ಬಾರಿ ಸರಿಯಾಗಿ ಗುರುತಿಸಿದಿರಿ ಎಂದು ಲೆಕ್ಕವಿಡಿ. ಐದಾರಕ್ಕೇ ನಿಂತರೆ ಕಂತಿನ ಹಣ ಉಳಿಯಿತು ಎಂದುಕೊಳ್ಳಿ. ಅದೇ ವಾರ ಆದಿತಾಳದ ಎಂಟು ಎಣಿಕೆ ಕೈಯಲ್ಲಿ ಹಾಕುವುದನ್ನು ಕಲಿಯಿರಿ, ಒಂದು ರಾಗವನ್ನು ನಾಲ್ಕು ಕಲಾವಿದರಿಂದ ಕೇಳಿ. ಆಮೇಲೆ ಅದೇ ಹಳೆಯ ಇಯರ್‌ಫೋನಿನಲ್ಲಿ ಮೊದಲು ಕೇಳದಿದ್ದದ್ದು ಕೇಳತೊಡಗುತ್ತದೆ.

ಏಳು ತಂತಿ ಕಟ್ಟುವ ಮೊದಲು ಚೌಡಯ್ಯನವರು ನಾಲ್ಕು ತಂತಿಯನ್ನು ಪೂರ್ತಿ ಕಲಿತಿದ್ದರು. ನಮ್ಮ ಕೈಯಲ್ಲಿರುವ ನಾಲ್ಕು ತಂತಿಯನ್ನು ನಾವು ಪೂರ್ತಿ ಕೇಳಿದ್ದೇವೆಯೇ?

– ಬಿಇ ವಿದ್ಯಾರ್ಥಿ, ಕೊಟ್ಟಾರ, ಮಂಗಳೂರು